ಕಡಲ ಗಾಳದ ರೀಲ್: ಆಯ್ಕೆ, ಖರೀದಿ ಮತ್ತು ನಿರ್ವಹಣೆ

ಬೆಂಗಳೂರು ದಂಡು ಪ್ರದೇಶ, ಶಿವಾಜಿನಗರ, ಹಲಸೂರು, ಇಂದಿರಾನಗರ ಹಾಗೂ ಕೃಷ್ಣರಾಜಪುರ ಭಾಗಗಳಲ್ಲಿ ವಾಸವಾಗಿದ್ದು, ಹವ್ಯಾಸಕ್ಕಾಗಿ ಕರಾವಳಿಗೆ ತೆರಳಿ ಗಾಳದಿಂದ ಮೀನು ಹಿಡಿಯುವ ನಾಗರಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಉಪ್ಪುನೀರಿನಲ್ಲಿ ಬಳಸಲೆಂದೇ ತಯಾರಾದ ರೀಲ್‌ಗಳ ಬೆಲೆ ಕೆಲವು ಸಾವಿರ ರೂಪಾಯಿಗಳಿಂದ ಆರಂಭವಾಗುತ್ತದೆ. ಜಪಾನಿನ ಶಿಮಾನೊ ಸಂಸ್ಥೆಯ ಸ್ಟೆಲ್ಲಾ, ಡೈವಾ ಸಂಸ್ಥೆಯ ಸಾಲ್ಟಿಗಾ ಮುಂತಾದ ಅತ್ಯುನ್ನತ ಮಾದರಿಗಳ ಬೆಲೆಯು ಒಂದು ಸ್ಕೂಟರಿನ ಬೆಲೆಗೆ ಸಮೀಪವಾಗಿರುತ್ತದೆ. ಇಷ್ಟು ಹಣ ತೆತ್ತು ಕೊಂಡ ವಸ್ತುವು ಎರಡು ವರ್ಷ ತುಂಬುವ ಮೊದಲೇ ಕರಕರ ಶಬ್ದ ಮಾಡುತ್ತಾ ತಿರುಗುವುದನ್ನು ನಿಲ್ಲಿಸಿದಲ್ಲಿ, ಬಹುತೇಕ ಮಾಲೀಕರು ಸಮುದ್ರವನ್ನೋ ಅಥವಾ ತಯಾರಕರನ್ನೋ ದೂರುತ್ತಾರೆ. ಆದರೆ ರೀಲ್ ಸಮುದ್ರದಲ್ಲಿ ಹಾಳಾಗುವುದು ವಿರಳ. ಅದು ಹಾಳಾಗುವುದು ಬೆಂಗಳೂರಿಗೆ ಹಿಂದಿರುಗುವ ಪ್ರಯಾಣದ ಚೀಲದಲ್ಲಿ ಹಾಗೂ ಮನೆಯ ಕಪಾಟಿನಲ್ಲಿ. ಆದ್ದರಿಂದ ಸಮುದ್ರದಿಂದ ದೂರವಿರುವ ನಗರದ ನಿವಾಸಿಗಳು ರೀಲನ್ನು ಆರಿಸುವಾಗಲೂ, ಕಾಪಾಡುವಾಗಲೂ ಕರಾವಳಿಯವರಿಗಿಂತ ಕೆಲವು ಹೆಚ್ಚಿನ ಅಂಶಗಳನ್ನು ಗಮನಿಸುವುದು ಅವಶ್ಯವಾಗಿರುತ್ತದೆ.

ನದಿಯ ರೂಢಿ

ಬೆಂಗಳೂರಿನಲ್ಲಿ ರೀಲ್ ಹಾಗೂ ಗಾಳದ ಕೋಲಿನ ಹವ್ಯಾಸವು ದಂಡು ಪ್ರದೇಶದೊಂದಿಗೆ ಬೆಳೆದು ಬಂದದ್ದು. 1809ರಲ್ಲಿ ದಂಡು ಸ್ಥಾಪನೆಯಾದ ನಂತರ ಇಲ್ಲಿ ನೆಲೆಸಿದ ಸೇನಾಧಿಕಾರಿಗಳಿಗೆ ಕೆರೆ ಮತ್ತು ನದಿಗಳೇ ಹತ್ತಿರದ ಜಲಮೂಲಗಳಾಗಿದ್ದವು. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಅವರು 1873ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಗಾಳದ ಕುರಿತಾದ ಗ್ರಂಥವು ಕಡಲ ದಡದ ಊರಿನಲ್ಲಿ ಹೊರಬಂದಿದ್ದರೂ, ಅದರ ಮುಖ್ಯ ವಿಷಯ ನದಿಯ ಮಹಶೀರ್ ಮೀನಾಗಿತ್ತು. ಮೈಸೂರಿನ ವಾನ್ ಇಂಗೆನ್ ಕುಟುಂಬದ ಸದಸ್ಯರೊಬ್ಬರು 1946ರಲ್ಲಿ ಹಿಡಿದ 120 ಪೌಂಡ್ ತೂಕದ ಮಹಶೀರ್ ಇಂದಿಗೂ ದಾಖಲೆಯಾಗಿ ಉಲ್ಲೇಖಗೊಳ್ಳುತ್ತದೆ. ನಂತರದ ದಶಕಗಳಲ್ಲಿ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕ್ಕಳಿ ಶಿಬಿರಗಳು ಬೆಂಗಳೂರಿನ ಗಾಳಗಾರರಿಗೆ ಪಾಠಶಾಲೆಯಂತಿದ್ದವು. ಕಾವೇರಿ ವನ್ಯಜೀವಿ ಧಾಮದ ವ್ಯಾಪ್ತಿಯಲ್ಲಿ ಈ ಹವ್ಯಾಸವು 2010ರ ನಂತರದ ವರ್ಷಗಳಲ್ಲಿ ನಿಂತಿತು. ಹಳೆಯ ಗಾಳಗಾರರಲ್ಲಿ ಹಲವರು ಕರಾವಳಿಯ ಕಡೆಗೆ ಮುಖಮಾಡಿದರು.

ಈ ಹಿನ್ನೆಲೆಯನ್ನು ಇಲ್ಲಿ ತಿಳಿಸಲು ಕಾರಣವಿದೆ. ಕಾವೇರಿಯ ಸಿಹಿನೀರಿನಲ್ಲಿ ಬಳಸಿದ ರೀಲನ್ನು ಒಣಬಟ್ಟೆಯಿಂದ ಒರೆಸಿ ಚೀಲಕ್ಕೆ ಸೇರಿಸಿದರೆ ಸಾಕಾಗುತ್ತಿತ್ತು. ವರ್ಷಕ್ಕೊಮ್ಮೆ ಎಣ್ಣೆ ಬಿಟ್ಟರೆ ಇಪ್ಪತ್ತು ವರ್ಷ ಬಾಳಿದ ರೀಲ್‌ಗಳು ಇಂದಿಗೂ ಹಳೆಯ ಮನೆಗಳಲ್ಲಿವೆ. ತಂದೆಯಿಂದ ಮಗನಿಗೆ ಬಂದ ಅದೇ ರೂಢಿಯನ್ನು ಸಮುದ್ರಕ್ಕೆ ಕೊಂಡೊಯ್ಯುವುದರಿಂದಲೇ ಹೆಚ್ಚಿನ ನಷ್ಟ ಉಂಟಾಗುತ್ತಿದೆ.

ಉಪ್ಪು ಹೇಗೆ ಕೆಲಸ ಮಾಡುತ್ತದೆ

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಾಂಶವಿರುತ್ತದೆ. ರೀಲಿನ ಮೇಲೆ ಬಿದ್ದ ಹನಿಯಲ್ಲಿನ ನೀರು ಆವಿಯಾದರೂ ಲವಣವು ಅಲ್ಲಿಯೇ ಉಳಿಯುತ್ತದೆ. ಒಣಗಿದ ಉಪ್ಪಿನ ಹರಳುಗಳು ಬೇರಿಂಗಿನ ಗುಂಡುಗಳ ನಡುವೆ ಸೇರಿದಲ್ಲಿ ಮರಳಿನಂತೆ ತೇಯುತ್ತವೆ. ಇದಕ್ಕಿಂತ ಹೆಚ್ಚಿನ ಹಾನಿಯು ನಂತರ ಸಂಭವಿಸುತ್ತದೆ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು ಇಲ್ಲಿ ಉಪ್ಪುಗಾಳಿ ಇಲ್ಲದ ಕಾರಣ, ರೀಲ್ ಇಲ್ಲಿ ಸುರಕ್ಷಿತ ಎಂಬ ನಂಬಿಕೆ ಸಾಮಾನ್ಯವಾಗಿದೆ. ಇದು ಸರಿಯಾದ ನಂಬಿಕೆಯಲ್ಲ. ಅಡುಗೆಮನೆಯ ಉಪ್ಪಿನ ಭರಣಿಯು ಮಳೆಗಾಲದಲ್ಲಿ ನೀರೊಡೆಯುವುದನ್ನು ಎಲ್ಲರೂ ಕಂಡಿರುತ್ತಾರೆ. ಗಾಳಿಯ ಸಾಪೇಕ್ಷ ಆರ್ದ್ರತೆಯು ಶೇ. 75ರ ಆಸುಪಾಸನ್ನು ಮೀರಿದಾಗ ಸಾಮಾನ್ಯ ಉಪ್ಪು ತೇವವನ್ನು ಹೀರಿ ತಾನೇ ಕರಗತೊಡಗುತ್ತದೆ. ಸಮುದ್ರದ ಲವಣದಲ್ಲಿ ಬೆರೆತಿರುವ ಮೆಗ್ನೀಷಿಯಂ ಕ್ಲೋರೈಡ್ ಇನ್ನೂ ಬಲವಾಗಿ ತೇವವನ್ನು ಎಳೆದುಕೊಳ್ಳುತ್ತದೆ, ಅದಕ್ಕೆ ಶೇ. 33ರಷ್ಟು ಆರ್ದ್ರತೆಯೇ ಸಾಕು. ಅಂದರೆ, ಇಂದಿರಾನಗರದ ಮನೆಯೊಂದರ ಕಪಾಟಿನಲ್ಲಿ ತೊಳೆಯದೆ ಇಟ್ಟ ರೀಲಿನ ಒಳಭಾಗದಲ್ಲಿ ಆಗಸ್ಟ್ ತಿಂಗಳ ಪ್ರತಿ ರಾತ್ರಿಯೂ ಹೊಸದಾಗಿ ಉಪ್ಪುನೀರು ತಯಾರಾಗುತ್ತಿರುತ್ತದೆ. ಮಾಲೀಕರು ಸಮುದ್ರಕ್ಕೆ ಹೋಗಿ ಬಂದದ್ದು ಎರಡೇ ದಿನವಾದರೂ ರೀಲ್ ಮಾತ್ರ ಮೂರು ತಿಂಗಳು ಸಮುದ್ರದಲ್ಲಿಯೇ ಇದ್ದಂತಾಗುತ್ತದೆ.

ಲೋಹಗಳ ಜೋಡಣೆಯೂ ಗಮನಾರ್ಹ. ಅಲ್ಯೂಮಿನಿಯಂ ದೇಹಕ್ಕೆ ಸ್ಟೇನ್‌ಲೆಸ್ ಉಕ್ಕಿನ ತಿರುಪು ಹಾಕಿದ ಕಡೆ ಉಪ್ಪುನೀರು ನಿಂತಲ್ಲಿ, ಎರಡು ಲೋಹಗಳ ನಡುವೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಸವೆಯುತ್ತದೆ. ತಿರುಪು ಅಂಟಿಕೊಂಡು ಬಿಚ್ಚಲಾಗದ ಸ್ಥಿತಿ ಬರುವುದು ಹೀಗೆಯೇ. ಮೆಗ್ನೀಷಿಯಂ ದೇಹದ ರೀಲ್‌ಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು; ಬಣ್ಣ ಕಿತ್ತುಹೋದ ಒಂದು ಚಿಕ್ಕ ಗೀರಿನಿಂದಲೂ ಸವೆತ ಆರಂಭವಾಗಬಹುದು.

ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಮೊದಲಿಗೆ ಯಾವ ನೀರಿನಲ್ಲಿ ಬಳಸಲಾಗುವುದು ಎಂಬುದನ್ನು ನಿರ್ಧರಿಸಿಕೊಳ್ಳುವುದು. ಬೆಂಗಳೂರಿನ ಹವ್ಯಾಸಿಗಳಲ್ಲಿ ಬಹುಪಾಲು ಜನ ಹೋಗುವುದು ನದಿಮುಖಗಳಿಗೆ: ಕಾರವಾರದ ಕಾಳಿ, ಹೊನ್ನಾವರದ ಶರಾವತಿ, ಉಡುಪಿ ಬಳಿಯ ಕೋಡಿಬೆಂಗ್ರೆ, ಮಂಗಳೂರಿನ ನೇತ್ರಾವತಿ. ಇಂತಹ ಸ್ಥಳಗಳಲ್ಲಿ ದಡದಿಂದ ಅಥವಾ ಚಿಕ್ಕ ದೋಣಿಯಿಂದ ಗಾಳ ಹಾಕಲು 4000 ಅಥವಾ 5000 ಗಾತ್ರದ, ಸ್ಥಿರ ಸ್ಪೂಲಿನ ರೀಲ್ ಸಾಕಾಗುತ್ತದೆ. ಆಳ ಸಮುದ್ರದಲ್ಲಿ ದೊಡ್ಡ ಅಂಜಲ್ ಹಾಗೂ ಕೇದರ ಮೀನುಗಳಿಗಾಗಿ ದೋಣಿಯಲ್ಲಿ ತೆರಳುವವರಿಗೆ 8000 ಅಥವಾ ಅದಕ್ಕೂ ಮೇಲ್ಪಟ್ಟ ಗಾತ್ರ ಬೇಕಾಗುತ್ತದೆ. ವರ್ಷಕ್ಕೊಮ್ಮೆ ಆಳ ಸಮುದ್ರಕ್ಕೆ ಹೋಗುವ ಆಸೆಯಿಂದ ಭಾರದ ರೀಲ್ ಕೊಂಡು, ಉಳಿದೆಲ್ಲ ಬಾರಿ ಅದನ್ನು ದಡದಲ್ಲಿ ಹೊತ್ತು ತೋಳು ನೋಯಿಸಿಕೊಳ್ಳುವುದು ವಿವೇಕದ ಖರೀದಿಯೆನಿಸದು. ಅಂತಹ ಒಂದು ಬಾರಿಗೆ ದೋಣಿಯವರಿಂದಲೋ ಸ್ನೇಹಿತರಿಂದಲೋ ರೀಲ್ ಪಡೆಯಬಹುದು.

ರೀಲಿನ ಜೀವಾಳವು ಡ್ರ್ಯಾಗ್. ಮೀನು ಬಲವಾಗಿ ಎಳೆದಾಗ ದಾರ ಕಡಿಯದಂತೆ, ನಿಗದಿತ ಬಿಗಿಯಲ್ಲಿ ಸ್ಪೂಲನ್ನು ಹಿಮ್ಮುಖವಾಗಿ ಜಾರಲು ಬಿಡುವ ತಡೆಯೇ ಇದು. ಪೆಟ್ಟಿಗೆಯ ಮೇಲೆ 10 ಕಿಲೋ, 15 ಕಿಲೋ, 20 ಕಿಲೋ ಎಂದು ಗರಿಷ್ಠ ಡ್ರ್ಯಾಗ್ ಮುದ್ರಿಸಿರುತ್ತಾರೆ. ನದಿಮುಖಗಳಲ್ಲಿ ವಾಸ್ತವವಾಗಿ ಬಳಕೆಯಾಗುವುದು 3ರಿಂದ 5 ಕಿಲೋ ಮಾತ್ರ. ಆದುದರಿಂದ ಗರಿಷ್ಠ ಅಂಕಿಗಿಂತಲೂ, ಸ್ಪೂಲು ಜಾರಲು ಆರಂಭಿಸುವ ಕ್ಷಣದಲ್ಲಿ ಜರ್ಕ್ ಇಲ್ಲದಿರುವುದು ಮುಖ್ಯ. ಅಂಜಲ್ ಮೀನಿನ ಮೊದಲ ಓಟ ಅತಿ ವೇಗವಾಗಿರುತ್ತದೆ. ಆ ಕ್ಷಣದಲ್ಲಿ ಡ್ರ್ಯಾಗ್ ಒಮ್ಮೆ ಹಿಡಿದು ಆಮೇಲೆ ಬಿಟ್ಟರೆ ದಾರ ತುಂಡಾಗುತ್ತದೆ. ಮೀನು ಕೊಕ್ಕೆಯನ್ನೂ ಹತ್ತಾರು ಮೀಟರ್ ದಾರವನ್ನೂ ಎಳೆದುಕೊಂಡು ಹೋಗಿ, ಬಂಡೆಗೋ ಬಲೆಗೋ ಸಿಕ್ಕಿ ಸಾಯುತ್ತದೆ. ಅದು ಯಾರ ಬುಟ್ಟಿಗೂ ಸೇರುವುದಿಲ್ಲ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಹಿಡಿಯನ್ನು ವೇಗವಾಗಿ ತಿರುಗಿಸಿ ನೋಡುವುದು ವಾಡಿಕೆ. ವೇಗದಲ್ಲಿ ಎಲ್ಲ ರೀಲ್‌ಗಳೂ ಸೊಗಸಾಗಿಯೇ ತಿರುಗುತ್ತವೆ. ಬಹಳ ನಿಧಾನವಾಗಿ ತಿರುಗಿಸಿದಾಗ ಮಾತ್ರ ಹಲ್ಲುಗಳ ದೋಷ ಬೆರಳಿಗೆ ತಿಳಿಯುತ್ತದೆ. ಡ್ರ್ಯಾಗನ್ನು ಸಡಿಲದಿಂದ ಬಿಗಿಯವರೆಗೆ ಹಂತಹಂತವಾಗಿ ತಿರುಗಿಸಿ, ಪ್ರತಿ ಹಂತದಲ್ಲೂ ದಾರವನ್ನು ಕೈಯಿಂದ ಎಳೆದು ನೋಡುವುದು. ದಾರ ಹಾದುಹೋಗುವ ಚಿಕ್ಕ ಉರುಳೆ, ಅಂದರೆ ಲೈನ್ ರೋಲರ್, ಭಾರ ಬಿದ್ದಾಗಲೂ ತಿರುಗುತ್ತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಉಪ್ಪುನೀರಿಗೆ ಮೊದಲು ಬಲಿಯಾಗುವ ಭಾಗಗಳಲ್ಲಿ ಇದು ಮುಖ್ಯವಾದುದು.

ಬೇರಿಂಗ್‌ಗಳ ಸಂಖ್ಯೆಗೆ ಖರೀದಿದಾರರು ಅನಗತ್ಯ ಮಹತ್ವ ನೀಡುತ್ತಿರುವುದು ಕಂಡುಬರುತ್ತದೆ. ಹನ್ನೆರಡು ಸಾಧಾರಣ ಬೇರಿಂಗ್‌ಗಳಿಗಿಂತ ಉಪ್ಪು ತಡೆಯುವ ಆರು ಬೇರಿಂಗ್‌ಗಳು ಮೇಲು. ದೇಹವು ಅಲ್ಯೂಮಿನಿಯಂನದಾಗಿದ್ದಲ್ಲಿ ಭಾರ ಎಳೆಯುವಾಗ ಬಾಗುವುದಿಲ್ಲ ಮತ್ತು ಹಲ್ಲುಚಕ್ರಗಳು ಒಂದಕ್ಕೊಂದು ಸರಿಯಾಗಿ ಕೂಡಿಕೊಂಡಿರುತ್ತವೆ. ನೀರು ತಡೆಯುವ ಮುದ್ರಿಕೆಗಳ ಬಗ್ಗೆ ತಯಾರಕರು ಬಗೆಬಗೆಯ ಹೆಸರು ನೀಡುತ್ತಾರೆ. ಕೆಲವರು ಐಪಿಎಕ್ಸ್6, ಐಪಿಎಕ್ಸ್8 ಎಂಬ ಶ್ರೇಣಿಗಳನ್ನು ಮುದ್ರಿಸುತ್ತಾರೆ. ಮೊದಲನೆಯದು ರಭಸದ ನೀರಿನ ಧಾರೆಯನ್ನೂ, ಎರಡನೆಯದು ಮುಳುಗುವಿಕೆಯನ್ನೂ ತಡೆಯುವ ಸಾಮರ್ಥ್ಯವನ್ನು ಸೂಚಿಸುತ್ತದೆ. ಈ ಪರೀಕ್ಷೆಗಳು ಸಿಹಿನೀರಿನಲ್ಲಿ ನಡೆಯುವಂಥವು ಹಾಗೂ ಹೊಸ ವಸ್ತುವಿಗೆ ಸಂಬಂಧಿಸಿದವು ಎಂಬುದನ್ನು ನೆನಪಿನಲ್ಲಿಡುವುದು. ಮುದ್ರಿಕೆ ಸವೆದ ನಂತರ ಅದೇ ಮುದ್ರಿಕೆಯು ಒಳಹೊಕ್ಕ ನೀರನ್ನು ಹೊರಹೋಗದಂತೆ ತಡೆಯುತ್ತದೆ!

ಡೈವಾ ಸಂಸ್ಥೆಯ ಕೆಲವು ಮಾದರಿಗಳಲ್ಲಿ ಅಯಸ್ಕಾಂತದಿಂದ ಹಿಡಿದಿಟ್ಟ ವಿಶೇಷ ಎಣ್ಣೆಯ ಪದರವೇ ನೀರನ್ನು ತಡೆಯುತ್ತದೆ. ಇವುಗಳನ್ನು ಮನೆಯಲ್ಲಿ ಬಿಚ್ಚುವಂತಿಲ್ಲ. ಆ ಭಾಗಗಳಿಗೆ ಬೇರೆ ಎಣ್ಣೆ ಬಿಟ್ಟಲ್ಲಿ ಪದರವು ಕೆಡುತ್ತದೆ. ಇಂತಹ ರೀಲ್ ಕೊಳ್ಳುವವರು ಅಧಿಕೃತ ಸರ್ವಿಸ್ ಕೇಂದ್ರ ಎಲ್ಲಿದೆ, ಬಿಡಿಭಾಗ ಬರಲು ಎಷ್ಟು ಕಾಲ ಬೇಕು ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ ತಿಳಿಯತಕ್ಕದ್ದು. ಬಿಚ್ಚಿ ಜೋಡಿಸಲು ಸುಲಭವಾದ ಮಧ್ಯಮ ಬೆಲೆಯ ರೀಲ್, ಸರ್ವಿಸ್ ದೊರೆಯದ ದುಬಾರಿ ರೀಲಿಗಿಂತ ಬೆಂಗಳೂರಿನ ಹವ್ಯಾಸಿಗೆ ಹೆಚ್ಚು ಉಪಯುಕ್ತವಾಗಿರುತ್ತದೆ.

ಬೆಲೆಯ ಲೆಕ್ಕವನ್ನು ಹೀಗೆ ಹಾಕಬಹುದು. ಉದಾಹರಣೆಗೆ, 60,000 ರೂಪಾಯಿಯ ರೀಲನ್ನು ವರ್ಷಕ್ಕೆ ನಾಲ್ಕು ಬಾರಿಯಂತೆ ಹತ್ತು ವರ್ಷ ಬಳಸಿದಲ್ಲಿ ಪ್ರತಿ ಪ್ರವಾಸಕ್ಕೆ ಬೀಳುವ ವೆಚ್ಚ 1,500 ರೂಪಾಯಿ. ಅದೇ ರೀಲ್ ಎರಡು ವರ್ಷಕ್ಕೆ ಕೆಟ್ಟಲ್ಲಿ ಪ್ರತಿ ಪ್ರವಾಸಕ್ಕೆ 7,500 ರೂಪಾಯಿ. 18,000 ರೂಪಾಯಿಯ ರೀಲನ್ನು ಚೆನ್ನಾಗಿ ತೊಳೆದು ಐದು ವರ್ಷ ಬಳಸಿದರೆ ಬೀಳುವುದು ಕೇವಲ 900 ರೂಪಾಯಿ. ದುಬಾರಿ ರೀಲ್ ಲಾಭದಾಯಕವಾಗುವುದು ಅದು ದೀರ್ಘಕಾಲ ಬಾಳಿದಾಗ ಮಾತ್ರ.

ಖರೀದಿ ಮತ್ತು ದಾಖಲೆಗಳು

ಈ ದರ್ಜೆಯ ರೀಲ್‌ಗಳು ಬಹುತೇಕ ಆಮದು ವಸ್ತುಗಳು. ಪೊಟ್ಟಣ ಸರಕುಗಳಿಗೆ ಸಂಬಂಧಿಸಿದ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಾದ ದೇಶ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕರು ಸಂಪರ್ಕಿಸಬೇಕಾದ ವಿವರಗಳು ಇರತಕ್ಕದ್ದು. ಈ ಚೀಟಿ ಇಲ್ಲದ ರೀಲ್ ಅಗ್ಗವಾಗಿ ದೊರೆತರೂ, ದೋಷ ಕಂಡುಬಂದಾಗ ಭಾರತದಲ್ಲಿ ಉತ್ತರಿಸುವವರು ಯಾರೂ ಇರುವುದಿಲ್ಲ. ವಿದೇಶದಲ್ಲಿರುವ ಬಂಧುಗಳ ಮೂಲಕ ತರಿಸಿಕೊಳ್ಳುವವರು ಸುಂಕರಹಿತ ಮಿತಿಯನ್ನು ಮೀರಿದ ವಸ್ತುವನ್ನು ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕಾಗುತ್ತದೆ ಎಂಬುದನ್ನೂ, ಅಂತಹ ರೀಲಿಗೆ ಇಲ್ಲಿ ವಾರಂಟಿ ದೊರೆಯದಿರಬಹುದು ಎಂಬುದನ್ನೂ ಅರಿತಿರಬೇಕು.

ಬಿಲ್ಲಿನಲ್ಲಿ ಮಾದರಿಯ ಹೆಸರಿನೊಂದಿಗೆ ಕ್ರಮಸಂಖ್ಯೆಯನ್ನೂ ಬರೆಸಿಕೊಳ್ಳುವುದು. ವಾರಂಟಿ ಪತ್ರದಲ್ಲಿ ತುಕ್ಕು ಅಥವಾ ಉಪ್ಪಿನ ಸವೆತವನ್ನು ಹೊರತುಪಡಿಸಿರುವುದು ಸಾಮಾನ್ಯ. ಆ ಸಾಲನ್ನು ಅಂಗಡಿಯಲ್ಲಿಯೇ ಓದಿಕೊಳ್ಳುವುದು ಒಳಿತು. ತಯಾರಿಕಾ ದೋಷವಿದ್ದೂ ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಲು ಅವಕಾಶವಿರುವುದರಿಂದ, ಅಂತರಜಾಲದ ಮೂಲಕ ಹೊರರಾಜ್ಯದ ಮಾರಾಟಗಾರರಿಂದ ಕೊಂಡ ಕೃಷ್ಣರಾಜಪುರದ ನಿವಾಸಿಯು ಬೆಂಗಳೂರಿನಲ್ಲಿಯೇ ದೂರು ನೀಡಬಹುದು. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಸರಕಿಗೆ ಪಾವತಿಸಿದ ಮೊತ್ತವು ಐದು ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಯಾವುದೇ ಶುಲ್ಕವಿಲ್ಲ.

ದಡದಲ್ಲಿಯೇ ಆಗಬೇಕಾದ ಕೆಲಸ

ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮುರುಡೇಶ್ವರಕ್ಕೆ ರೈಲು ಸಂಪರ್ಕ ದೊರೆತ ನಂತರ ನಗರದ ಪೂರ್ವ ಭಾಗದವರಿಗೆ ಪಶ್ಚಿಮ ಕರಾವಳಿ ಹತ್ತಿರವಾಗಿದೆ. ಹಲಸೂರಿನಿಂದ ಕೃಷ್ಣರಾಜಪುರದ ಮೂಲಕ ಸಾಗುವ ಹಳೆ ಮದ್ರಾಸ್ ರಸ್ತೆಯನ್ನು ಹಿಡಿದು ಚೆನ್ನೈ ಕಡೆಯ ಸಮುದ್ರಕ್ಕೆ ಹೋಗುವವರೂ ಇದ್ದಾರೆ. ಮಂಗಳೂರಾಗಲಿ ಚೆನ್ನೈಯಾಗಲಿ, ದೂರ ಸುಮಾರು 350 ಕಿಲೋಮೀಟರ್. ಮುಂಜಾನೆ ಗಾಳ ಹಾಕಿ, ಸಂಜೆ ಹೊರಟು, ಮರುದಿನ ಬೆಳಿಗ್ಗೆ ಮನೆ ಸೇರುವವರೆಗೆ ಹೆಚ್ಚು ಕಡಿಮೆ ಇಪ್ಪತ್ತನಾಲ್ಕು ಗಂಟೆ ಕಳೆದಿರುತ್ತದೆ. ಪ್ರಯಾಣದ ಆಯಾಸದಲ್ಲಿ ಚೀಲ ಬಿಚ್ಚುವುದು ಮುಂದಿನ ಭಾನುವಾರಕ್ಕೆ ಹೋಗುವುದೂ ಉಂಟು. ಒದ್ದೆ ರೀಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಷ್ಟು ಕಾಲ ಇಟ್ಟಲ್ಲಿ ಮುಂದೆ ಮಾಡುವ ಯಾವ ಉಪಚಾರವೂ ಪೂರ್ಣ ಫಲ ನೀಡದು.

ಆದ್ದರಿಂದ ಮೊದಲ ತೊಳೆಯುವಿಕೆಯು ವಾಹನ ಹತ್ತುವ ಮೊದಲೇ ಮುಗಿಯಬೇಕು. ಇದಕ್ಕೆ ನಲ್ಲಿ ಬೇಕಿಲ್ಲ. ಎರಡು ಲೀಟರಿನ ಒಂದು ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ಏಳೆಂಟು ರಂಧ್ರ ಮಾಡಿ ಸಿಹಿನೀರು ತುಂಬಿಕೊಂಡು ಹೋದರೆ ಸಾಕು. ತೊಳೆಯುವ ಮೊದಲು ಡ್ರ್ಯಾಗಿನ ಗುಬ್ಬಿಯನ್ನು ಪೂರ್ತಿ ಬಿಗಿಗೊಳಿಸಬೇಕು. ಇಲ್ಲದಿದ್ದಲ್ಲಿ ಉಪ್ಪು ಬೆರೆತ ನೀರು ಡ್ರ್ಯಾಗಿನ ಬಿಲ್ಲೆಗಳ ನಡುವೆ ಇಳಿಯುತ್ತದೆ. ಮೇಲಿನಿಂದ ಸಣ್ಣ ಮಳೆಯಂತೆ ನೀರು ಬಿಟ್ಟು ಸ್ಪೂಲಿನ ಅಂಚು, ಲೈನ್ ರೋಲರ್, ಹಿಡಿಯ ಬುಡ, ಕೋಲಿಗೆ ಕೂರುವ ಪಾದ ಇವುಗಳನ್ನು ತೊಳೆಯುವುದು. ನಂತರ ನೀರನ್ನು ಕೊಡವಿ, ಹತ್ತಿಯ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ಬಟ್ಟೆಯ ಚೀಲದಲ್ಲಿ ಇಡುವುದು. ರೀಲನ್ನು ಬಕೆಟ್ಟಿನಲ್ಲಿ ಮುಳುಗಿಸಿ ಇಡುವುದು, ವಾಹನ ತೊಳೆಯುವ ರಭಸದ ಪೈಪಿಗೆ ಹಿಡಿಯುವುದು, ಬಿಸಿನೀರು ಹಾಕುವುದು ಇವು ಮೂರೂ ಹಾನಿಕರ. ಮೊದಲೆರಡರಿಂದ ಹೊರಗಿನ ಉಪ್ಪು ಒಳಕ್ಕೆ ಹೋಗುತ್ತದೆ; ಮೂರನೆಯದರಿಂದ ಗ್ರೀಸ್ ಸಡಿಲವಾಗಿ ಹೊರಬರುತ್ತದೆ.

ಮನೆಯ ನೀರಿನ ಪ್ರಶ್ನೆ

ಮನೆ ತಲುಪಿದ ದಿನವೇ ಎರಡನೆಯ ತೊಳೆಯುವಿಕೆ ಆಗಬೇಕು. ಇಲ್ಲಿ ಪೂರ್ವ ಬೆಂಗಳೂರಿಗೆ ವಿಶೇಷವಾದ ಸಮಸ್ಯೆಯೊಂದಿದೆ. ಹಲಸೂರು, ಶಿವಾಜಿನಗರದಂತಹ ಹಳೆಯ ಬಡಾವಣೆಗಳಿಗೆ ಕಾವೇರಿ ನೀರು ಬಹುಕಾಲದಿಂದ ದೊರೆಯುತ್ತಿದೆ. ಕೃಷ್ಣರಾಜಪುರ ಹಾಗೂ ಅದರಾಚೆಯ ಬಡಾವಣೆಗಳು ಕೊಳವೆಬಾವಿ ಹಾಗೂ ಟ್ಯಾಂಕರ್ ನೀರನ್ನೇ ಹೆಚ್ಚಾಗಿ ನೆಚ್ಚಿಕೊಂಡಿದ್ದವು. 2024ರ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತದ ಯೋಜನೆ ಉದ್ಘಾಟನೆಯಾದ ನಂತರವೂ ಕೊಳವೆಬಾವಿ ನೀರನ್ನು ಬಳಸುವ ಮನೆಗಳು ಇವೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದಾಗ 600 ಮಿಲಿಗ್ರಾಂವರೆಗೆ ಅನುಮತಿಯಿದೆ. ನಲ್ಲಿಯ ಬಾಯಿಯಲ್ಲಿ, ಬಚ್ಚಲ ಹೆಂಚಿನಲ್ಲಿ ಬಿಳಿ ಪೊರೆ ಕಟ್ಟುವ ನೀರಿನಿಂದ ರೀಲ್ ತೊಳೆದರೆ ಅದೇ ಪೊರೆ ಲೈನ್ ರೋಲರಿನ ಸಂದಿಯಲ್ಲೂ ಕಟ್ಟುತ್ತದೆ. ಸಮುದ್ರದ ಉಪ್ಪು ಹೋಗಿ ಸುಣ್ಣ ಉಳಿದಂತಾಗುತ್ತದೆ.

ಹಾಗೆಂದು ಗಡಸು ನೀರಿನಲ್ಲಿ ತೊಳೆಯದೆ ಬಿಡಬಾರದು. ಸುಣ್ಣಕ್ಕಿಂತ ಉಪ್ಪಿನ ಹಾನಿ ಬಹುಪಾಲು ಹೆಚ್ಚು. ಲಭ್ಯವಿರುವ ನೀರಿನಲ್ಲಿ ಮೊದಲು ತೊಳೆದು, ಕೊನೆಯಲ್ಲಿ ಒಂದು ಚೊಂಬು ಆರ್.ಓ. ಯಂತ್ರದ ಶುದ್ಧ ನೀರನ್ನೋ ಶೇಖರಿಸಿದ ಮಳೆನೀರನ್ನೋ ಮೇಲಿನಿಂದ ಹರಿಯಬಿಟ್ಟರೆ ಪೊರೆ ಕಟ್ಟುವುದಿಲ್ಲ. ಆರ್.ಓ. ಯಂತ್ರವು ಹೊರಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಬಳಸುವ ಮಿತವ್ಯಯದ ಅಭ್ಯಾಸ ಅನೇಕ ಮನೆಗಳಲ್ಲಿದೆ. ಆ ನೀರಿನಲ್ಲಿ ಲವಣಾಂಶವು ಮೂಲ ನೀರಿಗಿಂತ ಹೆಚ್ಚಾಗಿರುವುದರಿಂದ ರೀಲಿಗೆ ಅದನ್ನು ಬಳಸಬಾರದು. ಒಟ್ಟು ಕೆಲಸಕ್ಕೆ ಎರಡರಿಂದ ಮೂರು ಲೀಟರ್ ಸಾಕು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವದಿಂದ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದಕ್ಕೆ ಜಲಮಂಡಳಿಯು 5,000 ರೂಪಾಯಿ ದಂಡ ವಿಧಿಸಿದ್ದನ್ನು ನಾಗರಿಕರು ಮರೆತಿರಲಾರರು. ರೀಲಿಗಾಗಿ ಪೈಪು ಹರಿಯಬಿಡುವ ಅಗತ್ಯ ಎಂದಿಗೂ ಇಲ್ಲ.

ದಾರವನ್ನು ಮರೆಯುವುದು ಸಾಮಾನ್ಯ ಲೋಪ. ಹಿಂದೆ ಬಳಕೆಯಲ್ಲಿದ್ದ ತಂಗೂಸಿ ದಾರವು ಒಂದೇ ಎಳೆಯದಾಗಿದ್ದು ನೀರನ್ನು ಹಿಡಿದಿಡುತ್ತಿರಲಿಲ್ಲ. ಈಗಿನ ಹೆಣೆದ ದಾರವು ನಾಲ್ಕು ಅಥವಾ ಎಂಟು ಎಳೆಗಳಿಂದಾಗಿದ್ದು, ಎಳೆಗಳ ನಡುವೆ ಉಪ್ಪುನೀರನ್ನು ಬತ್ತಿಯಂತೆ ಹೀರಿ ಸ್ಪೂಲಿನ ಒಳಪದರದವರೆಗೆ ಒಯ್ಯುತ್ತದೆ. ಸ್ಪೂಲನ್ನು ಕಳಚಿ ಪ್ರತ್ಯೇಕವಾಗಿ ಕೆಲವು ನಿಮಿಷ ಸಿಹಿನೀರಿನಲ್ಲಿ ಅದ್ದಿ ತೆಗೆಯಬಹುದು. ಡ್ರ್ಯಾಗಿನ ಬಿಲ್ಲೆಗಳು ಸ್ಪೂಲಿನಲ್ಲಿಯೇ ಇರುವ ಮಾದರಿಯಾದಲ್ಲಿ ಅವುಗಳನ್ನು ಮೊದಲೇ ಹೊರತೆಗೆದಿಡುವುದು. ತೆಗೆದ ಅನುಕ್ರಮವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಮರುಜೋಡಣೆಯಲ್ಲಿ ಗೊಂದಲವಾಗದು.

ಒಣಗಿಸುವುದು ನೆರಳಿನಲ್ಲಿ, ಒಂದು ರಾತ್ರಿಯಾದರೂ. ಪೂರ್ತಿ ಒಣಗಿದ ಮೇಲೆ ಲೈನ್ ರೋಲರ್, ಹಿಡಿಯ ಗುಂಡು ಹಾಗೂ ಬೇಲ್ ತಂತಿಯ ಕೀಲಿಗೆ ಒಂದೊಂದು ಹನಿ ಎಣ್ಣೆ, ಸ್ಪೂಲು ಕೂರುವ ದಂಡಕ್ಕೆ ತೆಳುವಾದ ಗ್ರೀಸ್. ತಯಾರಕರು ಎಣ್ಣೆ ಹಾಕಬಾರದೆಂದು ಸೂಚಿಸಿದ ಭಾಗಗಳನ್ನು ಬಿಟ್ಟುಬಿಡುವುದು. ತಯಾರಕರ ಎಣ್ಣೆ ಇಲ್ಲದ ಸಂದರ್ಭದಲ್ಲಿ ಹೊಲಿಗೆ ಯಂತ್ರದ ಎಣ್ಣೆ ತಾತ್ಕಾಲಿಕವಾಗಿ ಆದೀತು. ಕೊಬ್ಬರಿ ಎಣ್ಣೆ ಬೇಡ: ಅದು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಗಟ್ಟಿಯಾಗುವುದರಿಂದ ಬೆಂಗಳೂರಿನ ಡಿಸೆಂಬರ್‌ನಲ್ಲಿ ರೋಲರ್ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ಡ್ರ್ಯಾಗಿನ ಬಿಲ್ಲೆಗಳಿಗೆ ಸಾಧಾರಣ ಎಣ್ಣೆ ತಾಗಿದರೂ ಹಿಡಿತ ತಪ್ಪುತ್ತದೆ. ರೀಲನ್ನು ಎತ್ತಿಡುವಾಗ ಡ್ರ್ಯಾಗನ್ನು ಸಡಿಲಿಸಿಯೇ ಇಡತಕ್ಕದ್ದು. ಬಿಗಿಯಾಗಿ ತಿಂಗಳುಗಟ್ಟಲೆ ಇಟ್ಟ ಬಿಲ್ಲೆಗಳು ಒತ್ತಿಕೊಂಡು, ಮುಂದಿನ ಬಾರಿ ಮೊದಲ ಮೀನಿಗೇ ಅಂಟಿ ಹಿಡಿಯುತ್ತವೆ.

ಮುಂದಿನ ಪ್ರವಾಸಕ್ಕೆ ಹೊರಡುವ ಮುನ್ನ ಡ್ರ್ಯಾಗನ್ನು ಕೈ ಅಂದಾಜಿಗೆ ಬಿಡದೆ ಅಳೆದು ಹೊಂದಿಸುವುದು ಉತ್ತಮ. ಗುಜರಿ ವ್ಯಾಪಾರಿಗಳು ಹಳೆ ಪೇಪರ್ ತೂಗಲು ಬಳಸುವ ಕೊಕ್ಕೆ ತಕ್ಕಡಿಯೇ ಇದಕ್ಕೆ ಸಾಕು. ದಾರದ ತುದಿಯನ್ನು ತಕ್ಕಡಿಗೆ ಕಟ್ಟಿ, ಕೋಲನ್ನು ಹಿಡಿದು ಎಳೆದಾಗ, ಜೋಡಣೆಯಲ್ಲಿನ ಅತಿ ದುರ್ಬಲ ದಾರದ ಸಾಮರ್ಥ್ಯದ ಮೂರನೇ ಒಂದು ಭಾಗಕ್ಕೆ ಮೀರದಂತೆ ಸ್ಪೂಲು ಜಾರಬೇಕು. 30 ಪೌಂಡ್, ಅಂದರೆ ಸುಮಾರು 13.6 ಕಿಲೋ ಸಾಮರ್ಥ್ಯದ ದಾರಕ್ಕೆ ಇದು ಗರಿಷ್ಠ ನಾಲ್ಕೂವರೆ ಕಿಲೋ ಆಗುತ್ತದೆ. ಇಂತಹ ಪರೀಕ್ಷೆಯನ್ನು ಮನೆಯ ಮಹಡಿಯ ಮೇಲೆ ಮಾಡಬಹುದು. ಹಲಸೂರು ಕೆರೆ ಅಥವಾ ನಗರದ ಇತರ ಕೆರೆಗಳಲ್ಲಿ ಸಂಬಂಧಪಟ್ಟ ಪ್ರಾಧಿಕಾರದ ಅನುಮತಿಯಿಲ್ಲದೆ ಗಾಳ ಹಾಕಬಾರದು.

ವಾರ್ಷಿಕ ಸರ್ವಿಸ್

ವರ್ಷಕ್ಕೊಮ್ಮೆ ರೀಲನ್ನು ಪೂರ್ತಿ ಬಿಚ್ಚಿ, ಹಳೆಯ ಗ್ರೀಸ್ ತೆಗೆದು, ಹೊಸದನ್ನು ಹಚ್ಚಿಸುವುದು ಅವಶ್ಯ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನಗಳ ಮೀನುಗಾರಿಕೆ ನಿಷೇಧ ಜಾರಿಯಲ್ಲಿರುತ್ತದೆ. ಪಶ್ಚಿಮ ಕರಾವಳಿಗೆ ಹೋಗುವವರು ಜೂನ್ ಮೊದಲ ವಾರದಲ್ಲಿಯೇ ರೀಲನ್ನು ಸರ್ವಿಸ್‌ಗೆ ಕೊಟ್ಟಲ್ಲಿ, ಬಿಡಿಭಾಗ ತರಿಸಬೇಕಾಗಿ ಬಂದರೂ ಆಗಸ್ಟ್‌ಗೆ ಮೊದಲು ಕೈಸೇರುತ್ತದೆ. ಆಗಸ್ಟ್ ಕೊನೆಯಲ್ಲಿ ಕೊಟ್ಟು ಅವಸರಪಡಿಸುವುದರಿಂದ ಕೆಲಸ ಕೆಡುತ್ತದೆ.

ಬೇರಿಂಗ್ ಬದಲಿಸುವಾಗ ಒಳವ್ಯಾಸ, ಹೊರವ್ಯಾಸ ಹಾಗೂ ದಪ್ಪ ಈ ಮೂರು ಅಳತೆ ಹೊಂದಿದರೆ ಯಂತ್ರೋಪಕರಣದ ಅಂಗಡಿಯ ಬೇರಿಂಗೂ ರೀಲಿನಲ್ಲಿ ಕೂರುತ್ತದೆ. ಆದರೆ ಅಲ್ಲಿ ಸಾಮಾನ್ಯವಾಗಿ ದೊರೆಯುವುದು ಕ್ರೋಮ್ ಉಕ್ಕಿನವು. ಉಪ್ಪುನೀರು ತಾಗಿದರೆ ಬಹುಬೇಗ ತುಕ್ಕು ಹಿಡಿಯುತ್ತವೆ. ಸ್ಟೇನ್‌ಲೆಸ್ ಉಕ್ಕಿನದೇ ಬೇಕೆಂದು ಸ್ಪಷ್ಟವಾಗಿ ತಿಳಿಸಿ, ಬಿಲ್ಲಿನಲ್ಲಿ ನಮೂದಿಸಿಕೊಳ್ಳುವುದು. ಸರ್ವಿಸ್‌ಗೆ ಕೊಡುವಾಗ ರೀಲಿನ ಕ್ರಮಸಂಖ್ಯೆ ಹಾಗೂ ಜೊತೆಗೆ ನೀಡಿದ ಸ್ಪೂಲು, ಹಿಡಿ ಇವುಗಳ ವಿವರವುಳ್ಳ ರಸೀದಿ ಪಡೆಯತಕ್ಕದ್ದು. ಹಿಂದಕ್ಕೆ ಪಡೆಯುವಾಗ ಬದಲಿಸಿದ ಹಳೆಯ ಭಾಗಗಳನ್ನೂ ಕೇಳಿ ಪಡೆಯಬಹುದು. ಲೈನ್ ರೋಲರಿನ ಬೇರಿಂಗ್ ಮಾತ್ರ ತುಕ್ಕು ಹಿಡಿದಿದ್ದಲ್ಲಿ ಅದು ಹೊರಗಿನ ತೊಳೆಯುವಿಕೆ ಸಾಲದೆಂಬುದರ ಗುರುತು. ದೇಹದೊಳಗಿನ ಮುಖ್ಯ ಬೇರಿಂಗ್ ಕೆಂಪಾಗಿದ್ದಲ್ಲಿ ನೀರು ಮುದ್ರಿಕೆಯನ್ನು ದಾಟಿ ಒಳಹೊಕ್ಕಿದೆ ಎಂದರ್ಥ. ಅಂತಹ ರೀಲಿನ ಮುದ್ರಿಕೆಗಳನ್ನು ಬದಲಿಸದೆ ಬೇರಿಂಗ್ ಮಾತ್ರ ಹೊಸದು ಹಾಕಿಸಿ ಹಣ ತೆರಬಾರದು.